ಸೈರನ್ನಿನ ಮುಖ ಯಾವ ಕಡೆಗೆ?

ಚಿಕ್ಕಪ್ಪಾ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದು, ನಿನ್ನ ಕ್ಷೇಮ ವಿಚಾರಿಸಬೇಕೆಂದು ಕೂತೆ. ಮೊದಲನೆಯದು ಪೂರ್ತಿ ನಿಜವಲ್ಲ, ಎರಡನೆಯದನ್ನು ಕೇಳಿ ಪ್ರಯೋಜನವಿಲ್ಲ. ನೀನಿರುವ ಕಡೆ ಹೆದರುವಂಥದ್ದು ಇನ್ನೇನೂ ಬಾಕಿ ಉಳಿದಿಲ್ಲವಲ್ಲ, ಅದೊಂದಕ್ಕೇ ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚು. ನನಗಂತೂ ಈ ಸೋಮವಾರದಿಂದ ಅನ್ನ ಗಂಟಲಲ್ಲಿ ಇಳಿಯುತ್ತಿಲ್ಲ. ಯಾಕೆಂದು ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ. ಬದುಕಿದ್ದಾಗ ನಿನಗೆ ಆ ಚಾಳಿ ಇತ್ತು.

ಆಟೋನಗರದ ನಿನ್ನ ಶೆಡ್ಡಿನ ಮುಂದೆ ಟ್ರಾನ್ಸ್‌ಫಾರ್ಮರ್ ಕಿಡಿ ಕಾರುತ್ತಿದ್ದ ದಿನಗಳು ನೆನಪಿವೆಯೇ? ಬಸ್ಸಿನ ಮೈಗೆ ತಗಡು ಬಡಿಯುತ್ತಿದ್ದವರೆಲ್ಲ ಕೆಲಸ ಬಿಟ್ಟು, "ನೀವೇ ಹೋಗಿ ಬನ್ನಿ" ಎಂದು ನಿನ್ನನ್ನು ಮುಂದೆ ತಳ್ಳಿದ್ದರು. ಇಡೀ ಬೀದಿಯ ಪರವಾಗಿ ಮಾತಾಡಲು ವಿಜಯವಾಡದಲ್ಲಿ ಹುಟ್ಟಿದವರು ಯಾರೂ ಸಿಗದೆ ದಾವಣಗೆರೆಯವನನ್ನು ಯಾಕೆ ಆರಿಸಿದರೋ! ನಿನ್ನ ತೆಲುಗು ಕೇಳಿ ಎದುರಿನವರು ಸುಸ್ತಾಗಿ ಒಪ್ಪಿಕೊಳ್ಳುತ್ತಾರೆಂದು ನನ್ನ ಅನುಮಾನ. ಆಗಿನ್ನೂ ಅಲ್ಲಿಯ ಬ್ಯಾಂಕಿಗೆ ಹೊಸದಾಗಿ ಬಂದಿದ್ದ ನಾನು ತಮಾಷೆ ನೋಡಲು ನಿನ್ನ ಬೆನ್ನಿಗೆ ಬಂದಿದ್ದೆ. ಕರೆಂಟ್ ಆಫೀಸಿನ ಸಾಹೇಬರು ಟೀ ತರಿಸಿದರು. ನಾನು ಕುಡಿದೆ. ನೀನು ಲೋಟ ಮುಟ್ಟಲಿಲ್ಲ. "ಮೊದಲು ತಂತಿ, ಆಮೇಲೆ ಟೀ" ಎಂದು ಕೈಕಟ್ಟಿ ಕೂತೆ. ಹೊರಗೆ ಬಂದಮೇಲೆ ನನ್ನ ತಲೆಗೆ ಮೊಟಕಿದೆ. "ಅವರ ಟೀ ಹೊಟ್ಟೆಗೆ ಬಿತ್ತಂದ್ರೆ ನಮ್ಮ ಬಾಯಿಗೆ ನಾಚಿಕೆ ಬರ್ತೈತಲೇ. ಆಮೇಲೆ ಜಗಳಾಡಾಕ ಆಗ್ತತೇನು?"

ನೀನು ತೀರಿಕೊಂಡ ವರ್ಷವೇ ನನಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಮಧುರವಾಡದಲ್ಲಿ ಹೊಸ ಅಪಾರ್ಟ್‌ಮೆಂಟ್, ಬಾಡಿಗೆಗೆ. ಮನೆಯ ಓನರು ಸನ್ಯಾಸಿರಾವ್ ಗಾರು. ಹೆಸರಿಗೆ ಸನ್ಯಾಸಿ, ಕೈಯಲ್ಲಿ ಇನ್ನೂ ಮಾರಾಟವಾಗದ ಫ್ಲಾಟುಗಳು, ಮೇಲೆ ನಿವಾಸಿಗಳ ಸಂಘದ ಅಧ್ಯಕ್ಷಗಿರಿ. ಒಂದು ಭಾನುವಾರ ಸಂಘದ ಸಭೆಗೆಂದು ಟೆರೇಸಿಗೆ ಹತ್ತಿದವನು ಇಳಿಯುವಾಗ ಸ್ಥಳೀಯ ನಿವಾಸಿಗಳ ಪ್ರತಿನಿಧಿಯಾಗಿದ್ದೆ. ನಮಗೂ ಸಮುದ್ರಕ್ಕೂ ನಡುವೆ ಒಂದು ರಾಸಾಯನಿಕ ಕಾರ್ಖಾನೆ ಇತ್ತು. ಅದರ ಸುರಕ್ಷತಾ ಸಮಿತಿಯಲ್ಲಿ ಸುತ್ತಲಿನ ಜನರ ಪರವಾಗಿ ಒಬ್ಬರು ಕೂರಬೇಕಂತೆ. ಸಂಬಳವಿಲ್ಲ, ಭತ್ಯೆಯಿಲ್ಲ. ಕೈ ಎತ್ತುವವರೂ ಇಲ್ಲ.

"ಸಾರ್, ನಿಮಗಿಂತ ಒಳ್ಳೆಯವರು ಯಾರಿದ್ದಾರೆ?" ಎಂದರು ಸನ್ಯಾಸಿರಾವ್ ಗಾರು. (ಹೇಳಿದ್ದು ತೆಲುಗಿನಲ್ಲೇ. ನಿನ್ನ ತೆಲುಗಿನ ಮಟ್ಟ ಬಲ್ಲೆನಾದ್ದರಿಂದ ಎಲ್ಲವನ್ನೂ ಕನ್ನಡದಲ್ಲಿ ಬರೆಯುತ್ತಿದ್ದೇನೆ.) "ನಿಮಗೆ ಇಲ್ಲಿ ನೆಂಟರಿಲ್ಲ, ಜಗಳವಿಲ್ಲ, ಯಾರ ಕಡೆಯವರೂ ಅಲ್ಲ. ಮೂರು ವರ್ಷಕ್ಕೆ ಹೇಗೂ ಹೊರಟುಹೋಗ್ತೀರಿ!" ಅನಾಥ ಹೆಣದ ಬಗ್ಗೆ ಆಡುವ ಮಾತನ್ನು ನನ್ನ ಅರ್ಹತೆಯೆಂದು ಹೇಳಿ ಎಲ್ಲರಿಂದ ಚಪ್ಪಾಳೆ ಹೊಡೆಸಿದರು. ನನ್ನ ಮೇಲೆ ಹೊರಿಸಿದ್ದು ಎರಡೇ ಕೆಲಸ. ಗೇಟಿನ ಮುಂದಿನ ರಸ್ತೆಗೆ ಕಾರ್ಖಾನೆಯವರಿಂದ ದೀಪ ಹಾಕಿಸಬೇಕು. ಮತ್ತೆ, ಸೈರನ್ನು ಈಗ ಹೇಗಿದೆಯೋ ಹಾಗೇ ಇರುವಂತೆ ನೋಡಿಕೊಳ್ಳಬೇಕು.

"ಹೇಗಿದೆ ಸೈರನ್ನು?" ಎಂದು ಕೇಳಿದೆ. ಅಲ್ಲಿಗೆ ಬಂದು ಅಷ್ಟು ತಿಂಗಳಾಗಿದ್ದರೂ ಅದರ ಸದ್ದು ಕೇಳಿದ ನೆನಪೇ ನನಗಿರಲಿಲ್ಲ. "ಅದೇ ನೋಡಿ ನಮ್ಮ ಸಂಘದ ಸಾಧನೆ!" ಎಂದು ಎಲ್ಲರೂ ನಕ್ಕರು. ಮೊದಲು ಅದು ಪ್ರತಿ ಸೋಮವಾರ ಪರೀಕ್ಷೆಗೆಂದು ನಮ್ಮ ಕಡೆ ಮುಖ ಮಾಡಿ ಕೂಗುತ್ತಿತ್ತಂತೆ. ತೊಟ್ಟಿಲ ಮಕ್ಕಳು ಬೆಚ್ಚಿಬೀಳುತ್ತಿದ್ದವು. ಒಮ್ಮೆಯಂತೂ ಸನ್ಯಾಸಿರಾವ್ ಗಾರು ಅವರ ತಾಯಿಗೆ ಎದೆ ಹಿಡಿದುಕೊಂಡಿತು. ಸಂಘದವರು ಹೋಗಿ ಹೇಳಿ, ಅದರ ಬಾಯನ್ನು ಗುಡ್ಡದ ಕಡೆಗೆ ತಿರುಗಿಸಿಬಿಟ್ಟಿದ್ದರು. ನಾನೂ ನಕ್ಕೆ. ಗುಡ್ಡಕ್ಕೆ ಅಪಾಯದ ಮುನ್ಸೂಚನೆ ಕೊಡುವ ಊರು ಪ್ರಪಂಚದಲ್ಲಿ ಇನ್ನೆಲ್ಲಿದೆ, ಹೇಳು?

ಮೊದಲ ಸಭೆಗೆ ಹೋದಾಗ ನಿನ್ನ ಮೊಟಕು ಮರೆತೇಹೋಗಿತ್ತು. ಎಸಿ ಕೋಣೆ, ಮೆತ್ತನೆ ಸೋಫಾ, ಶುಂಠಿ ಟೀ, ತುಪ್ಪದಲ್ಲಿ ಹುರಿದ ಗೋಡಂಬಿ. ಸುರಕ್ಷತೆಯ ಮ್ಯಾನೇಜರ್ ಮೂರ್ತಿ ಗಾರು ಎಂಥ ಮರ್ಯಾದಸ್ಥ ಎಂದರೆ, ಬೀದಿದೀಪ ಕೇಳುವುದಕ್ಕೇ ನನಗೆ ಸಂಕೋಚವಾಯಿತು. ಎರಡನೇ ಟೀ ಬರುವ ಹೊತ್ತಿಗೆ ಅವರೇ ಕೇಳಿದರು, "ಮೊನ್ನೆ ಶನಿವಾರ ಬೆಳಗ್ಗೆ ಸೈರನ್ ಕೂಗಿಸಿದೆವಲ್ಲ ಸಾರ್, ನಿಮ್ಮವರಿಗೆ ತೊಂದರೆ ಏನೂ ಆಗಲಿಲ್ಲ ತಾನೆ?"

"ಶನಿವಾರವೇ? ಪರೀಕ್ಷೆ ಸೋಮವಾರ ಅಲ್ಲವೇ?"

"ಪರೀಕ್ಷೆ ಅಲ್ಲ ಸಾರ್. ಒಂದು ವಾಲ್ವು ಜಾರಿತ್ತು. ಚಿಕ್ಕದು. ಸ್ವಲ್ಪ ಗ್ಯಾಸ್ ಹೊರಗೆ ಹೋಯಿತು, ಅಷ್ಟೆ."

"ನಮಗೆ ಕೇಳಿಸಲೇ ಇಲ್ಲ…"

"ನೋಡಿದಿರಾ, ತಿರುಗಿಸಿದ್ದು ಎಷ್ಟು ಚೆನ್ನಾಗಿ ಕೆಲಸ ಮಾಡ್ತಿದೆ!" ಎಂದರು ಮೂರ್ತಿ ಗಾರು. ವ್ಯಂಗ್ಯವಲ್ಲ ಚಿಕ್ಕಪ್ಪಾ. ನಿಜಕ್ಕೂ ನಮ್ಮ ನೆಮ್ಮದಿ ಕಂಡು ಸಂತೋಷಪಟ್ಟರು. "ಬೆಳಗಿನ ಗಾಳಿ ಸಮುದ್ರದ ಕಡೆಗೆ ಹೋಗುತ್ತಲ್ಲ, ಅದೃಷ್ಟ. ಮಧ್ಯಾಹ್ನವಾದರೆ ಮಾತ್ರ ಸಮುದ್ರದಿಂದ ನಿಮ್ಮ ಕಡೆಗೆ ತಿರುಗುತ್ತೆ."

"ತಿರುಗಿದ್ದರೆ ಏನಾಗ್ತಿತ್ತು?"

"ಕಣ್ಣು ಉರಿ, ಕೆಮ್ಮು. ಹೆಚ್ಚು ಹೊತ್ತು ಅದರಲ್ಲೇ ಇದ್ದುಬಿಟ್ಟರೆ…" ಎಂದವರು ಮಾತು ಮುಗಿಸದೆ ಗೋಡಂಬಿಯ ತಟ್ಟೆಯನ್ನು ನನ್ನ ಕಡೆ ಸರಿಸಿದರು. "ತಿನ್ನಿ ಸಾರ್, ಗೋಡಂಬಿಗೆ ಹೆಸರಾದ ಪಲಾಸದ್ದು."

ಆ ಶನಿವಾರ ಬೆಳಗ್ಗೆ ನಮ್ಮ ಮನೆಯಲ್ಲಿ ಏನು ನಡೆದಿತ್ತು ಗೊತ್ತೇ? ನಿನ್ನ ಸೊಸೆ ಸುಮಾ ಟೆರೇಸಿನ ಮೇಲೆ ಪಂಚೆ ಹಾಸಿ ಅರಳು ಸಂಡಿಗೆ ಇಡುತ್ತಿದ್ದಳು. ನಮ್ಮ ಪುಟ್ಟಿ ಕೊಡೆ ಹಿಡಿದು ಕಾಗೆ ಓಡಿಸುತ್ತ, ತೆಲುಗಿನಲ್ಲಿ ಕಾಗೆಗಳನ್ನೇ ಪಾಠಕ್ಕೆ ಕೂರಿಸಿಕೊಂಡಿದ್ದಳು. ಬೆಳಗಿನಿಂದ ಬಿಸಿಲೇರುವವರೆಗೆ ಇಬ್ಬರೂ ಬಯಲಲ್ಲಿ. ಗಾಳಿ ಒಂದಿಷ್ಟು ಮನಸ್ಸು ಬದಲಾಯಿಸಿದ್ದರೆ… ನಾನು ಕೈಯಲ್ಲಿದ್ದ ಗೋಡಂಬಿಯನ್ನು ಬಾಯಿಗೂ ಹಾಕಲಿಲ್ಲ, ತಟ್ಟೆಗೂ ಹಾಕಲಿಲ್ಲ. ಮನೆಗೆ ಬಂದಮೇಲೆ ನೋಡಿದರೆ ಮುಷ್ಟಿಯಲ್ಲೇ ಇತ್ತು. ಬಾಯಿ ಬಿಟ್ಟು ಮೂರ್ತಿ ಗಾರು ಅವರನ್ನು ಏನಾದರೂ ಕೇಳಿದೆನೇ? ಇಲ್ಲ. ಎರಡು ಲೋಟ ಟೀ ಹೊಟ್ಟೆಯಲ್ಲಿತ್ತು.

ಅವತ್ತಿನಿಂದ ನನ್ನ ಮೂಗಿನ ಅವಸ್ಥೆ ಹೇಳತೀರದು. ಒಗ್ಗರಣೆ ಸೀದರೆ ಗ್ಯಾಸ್. ಫಿನಾಯಿಲ್ ಹಾಕಿ ಮೆಟ್ಟಿಲು ತೊಳೆದರೆ ಗ್ಯಾಸ್. ಕೆಳಗಿನ ಮನೆಯವರು ಗೋಂಗುರ ಸೊಪ್ಪು ಹುರಿದಾಗ ಪುಟ್ಟಿಯನ್ನು ಎತ್ತಿಕೊಂಡು ಅರ್ಧ ಮೆಟ್ಟಿಲು ಇಳಿದುಬಿಟ್ಟಿದ್ದೆ. "ನಿಮಗೇನು ಗಾಳಿಗೀಳಿ ಹೊಡೆದಿದೆಯಾ?" ಎಂದು ಸುಮಾ ರೇಗಿದಳು. ಗಾಳಿಯದೇ ಭಯ ಎಂದೆ. ಪೂರ್ತಿ ಕೇಳಿಸಿಕೊಂಡವಳು ಹೋಗಿ ಸಂಡಿಗೆ ಡಬ್ಬ ತಂದು ನನ್ನ ಮುಂದಿಟ್ಟಳು. "ಇದನ್ನ ತಿನ್ನಬಹುದಾ?" ಅವಳ ದನಿ ಸಣ್ಣಗಾಗಿತ್ತು. ಯಾರಿಗೆ ಗೊತ್ತು? ಆ ಡಬ್ಬವನ್ನು ನಾವು ತೆರೆಯಲೂ ಇಲ್ಲ, ಬಿಸಾಡಲೂ ಇಲ್ಲ.

ಮುಂದಿನ ಭಾನುವಾರ ಟೆರೇಸಿನಲ್ಲಿ ಎದ್ದು ನಿಂತು ಸಂಘದವರಿಗೆ ಎಲ್ಲವನ್ನೂ ಹೇಳಿದೆ. ವಾಲ್ವು, ಗಾಳಿ, ಗುಡ್ಡ ಎಲ್ಲ. ಮುಗಿಸುತ್ತಿದ್ದಂತೆ ಯಾರೋ ಫಕ್ಕನೆ ನಕ್ಕರು. ಅದರ ಹಿಂದೆಯೇ ಎಲ್ಲರೂ. ಯುಗಾದಿ ಕಾರ್ಯಕ್ರಮದಲ್ಲಿ ಮೈಕು ಹಿಡಿದು ಅವರನ್ನೆಲ್ಲ ನಗಿಸಿದ್ದವನು ನಾನೇ ತಾನೆ? "ಭಲೇ ಸಾರ್! ಮುಖ ನೋಡಿ, ಒಂಚೂರೂ ನಗ್ತಿಲ್ಲ!" ಎಂದು ಬೆನ್ನು ತಟ್ಟಿದರು. ನನ್ನ ಮುಖ ನಗುತ್ತಿರಲಿಲ್ಲ ಚಿಕ್ಕಪ್ಪಾ, ನಡುಗುತ್ತಿತ್ತು. ಎರಡಕ್ಕೂ ಇರುವ ವ್ಯತ್ಯಾಸ ನಮ್ಮ ಕಟ್ಟಡದಲ್ಲಿ ಯಾರಿಗೂ ತಿಳಿಯಲಿಲ್ಲ.

ನಗದೆ ಉಳಿದವರು ಇಬ್ಬರೇ. ಒಬ್ಬರು ಎದುರು ಮನೆಯ ಪದ್ಮಾವತಿ ಗಾರು, ನಿವೃತ್ತ ಟೀಚರು, ಒಂಟಿ ಜೀವ. ಇನ್ನೊಬ್ಬರು ಸನ್ಯಾಸಿರಾವ್ ಗಾರು. ಅವರು ಮೆಟ್ಟಿಲ ತಿರುವಿನಲ್ಲಿ ನನ್ನ ತೋಳು ಹಿಡಿದು ನಿಲ್ಲಿಸಿದರು. "ಸಾರ್, ಫ್ಲಾಟ್ ನೋಡೋದಕ್ಕೆ ಜನ ಬಂದಾಗಲೇ ಅದು ಕೂಗಿತು ಅಂತಿಟ್ಟುಕೊಳ್ಳಿ. ಯಾರು ಕೊಳ್ತಾರೆ? ನನ್ನದು ಬಿಡಿ, ನಮ್ಮಮ್ಮನ ಎದೆ? ಎಂದೋ ಬರೋ ಗ್ಯಾಸಿಗೆ ಹೆದರಿ ವಾರವಾರ ಅವಳನ್ನ ಸಾಯಿಸ್ಲಾ?" ಅವರ ಕಣ್ಣಲ್ಲೂ ಹೆದರಿಕೆಯೇ ಇತ್ತು. ನನ್ನದು ಗಾಳಿಯ ಹೆದರಿಕೆ, ಅವರದು ಸದ್ದಿನದು.

ಎರಡನೇ ಸಭೆಯ ದಿನ ಬಸ್ಸಿನಲ್ಲಿ ಕೂತಾಗ ಕರೆಂಟ್ ಆಫೀಸಿನಲ್ಲಿ ಕೈಕಟ್ಟಿ ಕೂತಿದ್ದ ನೀನು ಕಣ್ಣ ಮುಂದೆ ಬಂದೆ. ಸರಿ, ನಾನೂ ಕೈಕಟ್ಟಿದೆ. ಟೀ ಬಂತು. "ಬೇಡ" ಎಂದೆ. ಮೂರ್ತಿ ಗಾರು ಬೆಚ್ಚಿದರು. "ಸಕ್ಕರೆ ಇಲ್ಲದ್ದು ತರಿಸ್ಲಾ?" ಬೇಡ. "ಕಾಫಿ? ನೀವು ಕನ್ನಡದವರು, ಕಾಫಿ ಅಲ್ವಾ!" ಬೇಡ. ಮಜ್ಜಿಗೆ ಬಂತು, ಎಳನೀರು ಬಂತು, ಕೂಲ್ ಡ್ರಿಂಕು ಬಂತು. ಮೇಜಿನ ಮೇಲೆ ಒಂದು ಚಿಕ್ಕ ಹೋಟೆಲೇ ನಿಂತಿತು. ನಿನಗೆ ಗೊತ್ತಲ್ಲ, ಆಂಧ್ರದವರ ಮುಂದೆ ಕೂತು ಒಂದು ಗುಟುಕೂ ಕುಡಿಯುವುದಿಲ್ಲವೆಂದರೆ ಅವರ ಮುತ್ತಜ್ಜನನ್ನೇ ಬೈದಂತೆ. "ಏಮಂಡೀ, ನಮ್ಮಿಂದ ತಪ್ಪಾಯಿತಾ?" ಎಂದು ಅವರು ಕೈಜೋಡಿಸುವ ಮಟ್ಟಕ್ಕೆ ಬಂದರು. ನನ್ನ ಗಂಟಲು ಭಯಕ್ಕೆ ಎಷ್ಟು ಒಣಗಿತ್ತೆಂದರೆ ಆ ಎಳನೀರನ್ನು ನೋಡಿ ಅಳು ಬಂತು. ನೀನು ಹೇಗೆ ತಡೆದುಕೊಳ್ಳುತ್ತಿದ್ದೆಯೋ! ಟೀ ಬಿಡುವುದು ಇಷ್ಟು ಕಷ್ಟವೆಂದು ಮೊಟಕುವಾಗ ಹೇಳಬಾರದಿತ್ತೇ?

"ಮೊದಲು ಸೈರನ್ನನ್ನು ನಮ್ಮ ಕಡೆ ತಿರುಗಿಸಿ" ಎಂದೆ. ದನಿ ಇಲಿಯ ಹಾಗೆ ಬಂತು. ಆದರೂ ಬಂತು.

"ನಿಮ್ಮ ಸಂಘದವರೇ ಬೇಡವೆಂದಿದ್ದಲ್ವಾ ಸಾರ್? ಈಗ ಅವರೆಲ್ಲ ಬೇಕು ಅಂತಿದ್ದಾರಾ?"

ಇದಕ್ಕೆ ನೀನಾಗಿದ್ದರೆ ಏನೆನ್ನುತ್ತಿದ್ದೆ? ನಿನ್ನ ಬೀದಿಯವರು ನಿನ್ನ ಬೆನ್ನ ಹಿಂದೆ ಗುಂಪು ಕಟ್ಟಿಕೊಂಡು ಬರುತ್ತಿದ್ದರು. ನನ್ನವರು ನನ್ನನ್ನು ಕಳಿಸಿದ್ದೇ ಇದು ಆಗದಂತೆ ನೋಡಿಕೊಳ್ಳಲು. ನಾನು ಪ್ರತಿನಿಧಿಸಬೇಕಾದ್ದು ಅವರ ಮಾತನ್ನೋ, ಅವರ ಉಸಿರನ್ನೋ? "ಹೌದು, ಎಲ್ಲರಿಗೂ ಬೇಕಂತೆ" ಎಂದುಬಿಟ್ಟೆ. ಮೂರ್ತಿ ಗಾರು ತಲೆಯಾಡಿಸಿ ಫೋನೆತ್ತಿ ಯಾರಿಗೋ ಹೇಳಿದರು. ಆಮೇಲೆ ಎಳನೀರು ಕುಡಿದೆ. ಅರ್ಧ ಅಂಗಿಯ ಮೇಲೆ ಚೆಲ್ಲಿತು.

ತಿರುಗಿಸಿದ ಮೇಲಿನ ಮೊದಲ ಸೋಮವಾರ ಬ್ಯಾಂಕಿಗೆ ರಜೆ ಹಾಕಿ ಮನೆಯಲ್ಲೇ ಇದ್ದೆ. ಬರುತ್ತದೆಂದು ಗೊತ್ತಿದ್ದೂ ಆ ಸದ್ದಿಗೆ ನನ್ನ ಕೈಯಿಂದ ಪೇಪರು ಜಾರಿತು. ಬಾಗಿಲುಗಳು ದಡಬಡ ತೆರೆದುಕೊಂಡವು. ಜನ ಎಲ್ಲಿಗೆ ಓಡಿದರೆಂದು ನೀನು ಊಹಿಸಲಾರೆ. ಟೆರೇಸಿಗೆ! ಮಕ್ಕಳನ್ನು ಎತ್ತಿಕೊಂಡು, ಏನಾಗುತ್ತಿದೆ ನೋಡೋಣವೆಂದು, ಕಾರ್ಖಾನೆಯ ಕಡೆಗೆ ಎದೆಯೊಡ್ಡಿ ಪಾರಪೆಟ್ಟಿನುದ್ದಕ್ಕೂ ಸಾಲಾಗಿ ನಿಂತರು. "ಇಳೀರಿ! ಕೆಳಗಿಳೀರಿ! ಕಿಟಕಿ ಹಾಕ್ಕೊಳ್ರಿ!" ಎಂದು ನಾನು ಕನ್ನಡದಲ್ಲಿ ಕಿರುಚುತ್ತಿದ್ದೆ. ಹೆದರಿದಾಗ ತೆಲುಗು ಎಲ್ಲಿಂದ ಬರಬೇಕು? ಅವತ್ತು ಗಾಳಿಯಲ್ಲಿ ಏನೂ ಇರಲಿಲ್ಲ, ಬರೀ ಪರೀಕ್ಷೆ. ಇದ್ದಿದ್ದರೆ ಅಷ್ಟೂ ಜನ… ಆ ಸಾಲು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಆಮೇಲಿನ ವಾರಗಳಲ್ಲಿ ನನಗೆ 'ಸೈರನ್ ಸಾರ್' ಎಂಬ ಬಿರುದು ಬಂತು. ಬಾಗಿಲು ಬಾಗಿಲಿಗೆ ಹೋಗಿ ಒದ್ದೆ ಬಟ್ಟೆ, ಮುಚ್ಚಿದ ಕಿಟಕಿ ಎಂದು ಹರಿಕಥೆ ಮಾಡಿದೆ. ನಕ್ಕರು, ಬೈದರು, ಆದರೆ ಸೋಮವಾರ ಟೆರೇಸಿಗೆ ಹತ್ತುವವರು ಕಡಿಮೆಯಾಗುತ್ತ ಬಂದರು. ಸನ್ಯಾಸಿರಾವ್ ಗಾರು ತಾಯಿಯನ್ನು ಪ್ರತಿ ಸೋಮವಾರ ಬೆಳಗ್ಗೆ ಕಾರಿನಲ್ಲಿ ಕೂರಿಸಿಕೊಂಡು ಸಿಂಹಾಚಲಕ್ಕೆ ಹೋಗಿ ಬರತೊಡಗಿದರು. ಅಜ್ಜಿಗೆ ಅಲ್ಲಿಯ ದೇವರ ದರ್ಶನದ ಭಾಗ್ಯ ವಾರವಾರ ಸಿಕ್ಕಿದ್ದು ನನ್ನಿಂದ ಎಂದು ಯಾರೂ ಒಪ್ಪಲಿಲ್ಲ. ಬದಲಿಗೆ ಓನರು ಬಂದು ನಯವಾಗಿ, "ನಮ್ಮ ತಮ್ಮ ಊರಿಗೆ ಬರ್ತಿದ್ದಾನೆ ಸಾರ್, ಮನೆ ಬೇಕಾಗಿತ್ತು" ಎಂದರು. ಬೇರೆ ಮನೆ ಹುಡುಕುವ ಮೊದಲೇ ವರ್ಗದ ಆರ್ಡರು ಬಂತು. ಮತ್ತೆ ವಿಜಯವಾಡ! ನಿನ್ನಾಣೆ ಹೇಳುತ್ತೇನೆ, ಅವತ್ತು ನಾನು ಕುಣಿದೆ. ಆ ಗಾಳಿಯಿಂದ ತಪ್ಪಿಸಿಕೊಂಡೆನಲ್ಲ! ಸಾಮಾನು ಕಟ್ಟುವಾಗ ಮಾತ್ರ, ಪುಟ್ಟಿಯ ಗೆಳತಿಯರು ಕೆಳಗೆ ಕುಂಟೆಬಿಲ್ಲೆ ಆಡುತ್ತಿದ್ದದ್ದು ಕಾಣಿಸಿ ಕುಣಿತ ನಿಂತಿತು.

ಹೊರಡುವ ದಿನ ಪದ್ಮಾವತಿ ಗಾರು ಪುಳಿಹೋರ ಕಟ್ಟಿಕೊಡಲು ಬಂದರು. "ನಾನು ಸಭೆಗಿಭೆಗೆ ಹೋಗೋಳಲ್ಲ. ನನಗೆ ಅಷ್ಟು ಧೈರ್ಯ ಇಲ್ಲ. ಆದರೆ ಕಿವಿ ಚೆನ್ನಾಗಿದೆ" ಎಂದರು. "ಸೋಮವಾರ ಅದು ಕೂಗಿದರೆ ನಿಮಗೆ ಫೋನ್ ಮಾಡ್ತೀನಿ." ಮಾತಿನಂತೆ ಪ್ರತಿ ಸೋಮವಾರ ಬ್ಯಾಂಕಿನಲ್ಲಿ ನನ್ನ ಸೆಲ್ಲು ಗುನುಗುತ್ತಿತ್ತು. "ಕೇಳಿಸಿತು ಸಾರ್." ಅಷ್ಟೇ ಮಾತು. ಕೌಂಟರಿನ ಮುಂದೆ ಎಷ್ಟು ಉದ್ದ ಸಾಲಿದ್ದರೂ ಆ ಎರಡು ಪದ ಕೇಳಿದ ಮೇಲೆಯೇ ನನಗೆ ಉಸಿರು ಬರುತ್ತಿದ್ದದ್ದು.

ಈ ಸೋಮವಾರ ಫೋನು ಬರಲಿಲ್ಲ. ಕಾದು ಕಾದು ನಾನೇ ಮಾಡಿದೆ. "ಕೇಳಿಸಲಿಲ್ಲ ಸಾರ್" ಎಂದರು ಪದ್ಮಾವತಿ ಗಾರು. "ಕುಕ್ಕರ್ ಇಟ್ಟಿದ್ದೆ, ಅದಕ್ಕಿರಬಹುದು ಅಂತ ಬಾಲ್ಕನಿಗೆ ಹೋಗಿ ನಿಂತೆ. ಏನೂ ಇಲ್ಲ." ಕಾರ್ಖಾನೆಗೆ ಫೋನ್ ಹಚ್ಚಿದೆ. ಮೂರ್ತಿ ಗಾರು ಅದೇ ಮರ್ಯಾದೆಯಿಂದ, "ಎಂದಿನಂತೆ ಕೂಗಿತಲ್ಲ ಸಾರ್!" ಎಂದರು. "ಯಾವ ಕಡೆಗೆ?" ಎಂದೆ. ಅವರು ದನಿ ತಗ್ಗಿಸಿದರು. "ಈಗ ನಿವಾಸಿಗಳ ಪ್ರತಿನಿಧಿ ಸನ್ಯಾಸಿರಾವ್ ಗಾರು. ಅವರು ಹೇಳಿದಂತೆ ಮಾಡಿದ್ದೇವೆ. ನೀವು… ಈಗ ಯಾವ ಸಂಬಂಧದಲ್ಲಿ ಕೇಳ್ತಿದ್ದೀರಿ ಸಾರ್?"

ಯಾವ ಸಂಬಂಧ? ಅಲ್ಲಿ ನನಗೆ ಮನೆಯಿಲ್ಲ, ಓಟಿಲ್ಲ, ಕುರ್ಚಿಯಿಲ್ಲ. ನನ್ನ ಹೆಂಡತಿ ಮಗಳು ಇಲ್ಲಿ ಕೃಷ್ಣೆಯ ಗಾಳಿಯಲ್ಲಿ ಬೆಚ್ಚಗಿದ್ದಾರೆ. ಇಷ್ಟಾದರೂ ಮೂರು ದಿನದಿಂದ ಮಧ್ಯಾಹ್ನವಾದರೆ ಗಡಿಯಾರ ನೋಡುತ್ತ ಕೂರುತ್ತೇನೆ. ಅಲ್ಲಿ ಗಾಳಿ ತಿರುಗುವ ಹೊತ್ತು ಅದು. ಚಿಕ್ಕಮ್ಮ ನಿನ್ನೆ ಬಂದು ನನ್ನ ಮುಖ ನೋಡಿ, "ಥೇಟ್ ನಿಮ್ಮ ಚಿಕ್ಕಪ್ಪನಂಗೇ ಕುಂತೀಯಲ್ಲೋ" ಎಂದಳು. ನಾನು ನಂಬಲಿಲ್ಲ. ನೀನೆಲ್ಲಿ ಹೆದರುತ್ತಿದ್ದೆ? "ಹೆದರ್ತಿರಲಿಲ್ಲಂತ ಯಾರಂದ್ರು ನಿನಗ? ಕರೆಂಟ್ ಆಫೀಸಿಗೆ ಹೋಗೋ ಹಿಂದಿನ ದಿನ ಒಂದು ತುತ್ತು ಉಣ್ತಿರಲಿಲ್ಲ" ಎಂದು ಎದ್ದು ಒಳಗೆ ಹೋದಳು. ಈ ವಿಷಯ ಇಷ್ಟು ವರ್ಷ ಮುಚ್ಚಿಟ್ಟಿದ್ದಕ್ಕೆ ನಿನ್ನನ್ನು ಕ್ಷಮಿಸಬೇಕೋ ಬೇಡವೋ, ಇನ್ನೂ ತೀರ್ಮಾನಿಸಿಲ್ಲ.

ನಾಳೆ ಬೆಳಗಿನ ರೈಲಿಗೆ ವಿಶಾಖಪಟ್ಟಣಕ್ಕೆ ಹೋಗುತ್ತಿದ್ದೇನೆ. ಹೋಗಿ ಏನು ಮಾಡುತ್ತೇನೆಂದು ಸುಮಾ ಕೇಳಿದಳು. ಗೊತ್ತಿಲ್ಲ. ಮೊದಲು ಸನ್ಯಾಸಿರಾವ್ ಗಾರು ಅವರ ಬಾಗಿಲು, ಆಮೇಲೆ ಕಾರ್ಖಾನೆಯ ಬಾಗಿಲು. ಅಜ್ಜಿಗೆ ಬೇರೆ ಏರ್ಪಾಡು ಮಾಡೋಣ, ಬೇಕಾದರೆ ಸೋಮವಾರ ಸೋಮವಾರ ನಾನೇ ಬಂದು ಸಿಂಹಾಚಲಕ್ಕೆ ಕರೆದೊಯ್ಯುತ್ತೇನೆ ಎಂದು ಕಾಲು ಹಿಡಿಯುವುದಕ್ಕೂ ಸಿದ್ಧ. ಅವರು ಬಾಗಿಲನ್ನೇ ತೆರೆಯದಿದ್ದರೆ?

ಈಗಷ್ಟೇ ಪದ್ಮಾವತಿ ಗಾರು ಫೋನ್ ಮಾಡಿದ್ದರು. ಸ್ಟೇಷನ್ನಿಗೇ ಬರುತ್ತಾರಂತೆ. "ನಿವಾಸಿ ಯಾರೂ ಇಲ್ಲವಲ್ಲ ಅಂತ ಕೇಳಿದರೆ ನಾನಿದ್ದೀನಿ ಅಂತ ತೋರಿಸಿ ಸಾರ್. ಆದರೆ ಮಾತು ನೀವೇ ಆಡಬೇಕು. ಈಗಲೇ ನನ್ನ ಮೊಣಕಾಲು ನಡುಗ್ತಿದೆ."

"ನನಗೂ ಪದ್ಮಾವತಿ ಗಾರು" ಎಂದೆ.

"ಅಯ್ಯೋ, ನಿಮಗೂನಾ?" ಎಂದರು. ಆಮೇಲೆ, "ಹಾಗಾದರೆ ಸರಿ. ಬನ್ನಿ" ಎಂದರು.

ನಡುಗುವವರು ಇಬ್ಬರು ಸೇರಿದರೆ ಒಂದು ನಿಯೋಗವಾಗುತ್ತದೆಯೇ, ಚಿಕ್ಕಪ್ಪಾ? ನಾಳೆ ಗೊತ್ತಾಗುತ್ತದೆ.

ನಿನ್ನ
ರಾಘು